ಚಿಟಿಕೆಯ ಲೆಕ್ಕ

(ತಾಲ್ಲೂಕು ಯುವಕರ ಅಧ್ಯಯನ ಶಿಬಿರದ ಎರಡನೆಯ ದಿನ ಸಂಜೆ ಮಾಡಿದ ಭಾಷಣ)



ನಿನ್ನೆ ರಾತ್ರಿ ಊಟವಾದ ಮೇಲೆ ಈ ಶಾಲೆಯ ಜಗಲಿಯಲ್ಲಿ ನಿಮ್ಮಲ್ಲಿ ಎಂಟು ಹತ್ತು ಮಂದಿ ಹನ್ನೊಂದು ಗಂಟೆಯವರೆಗೆ ಏರಿದ ದನಿಯಲ್ಲಿ ವಾದಿಸುತ್ತಿದ್ದುದನ್ನು ನಾವು ಮಲಗಿದಲ್ಲಿಂದಲೇ ಕೇಳಿದೆವು. ಮಧ್ಯಾಹ್ನದ ಭೂಸುಧಾರಣೆಯ ಪಾಠ ಇಷ್ಟು ಬೇಗ ಫಲ ಕೊಟ್ಟಿತೆ ಎಂದು ಸಂತೋಷಪಟ್ಟೆವು. ಕಿವಿಗೊಟ್ಟಾಗ ತಿಳಿಯಿತು, ಜಗಳ ಜಮೀನಿನದಲ್ಲ, 'ಅವೆಂಜರ್ಸ್: ಇನ್ಫಿನಿಟಿ ವಾರ್' ಎಂಬ ಅಮೆರಿಕದ ಚಲಚ್ಚಿತ್ರದ್ದು. ಅದು ತೆರೆಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಜಗಳ ಇನ್ನೂ ಮುಗಿದಿಲ್ಲ. ಇಂದು ಸಂಜೆ ನಮಗೆ ಕೊಟ್ಟಿದ್ದ ವಿಷಯ ಬೇರೆ. ಅಧ್ಯಕ್ಷರ ಅಪ್ಪಣೆ ಪಡೆದು ಅದನ್ನು ನಾಳೆಗೆ ಹಾಕಿಕೊಂಡಿದ್ದೇವೆ. ಹುಡುಗರು ನಿದ್ದೆಗೆಟ್ಟು ವಾದಿಸುವ ವಿಷಯವನ್ನು ಬಿಟ್ಟು, ಅವರು ತೂಕಡಿಸುತ್ತ ಕೇಳುವ ವಿಷಯವನ್ನೇ ಹಿಡಿದು ಕೂರುವುದು ಮೇಷ್ಟ್ರಾಗಿದ್ದಾಗ ನಾವು ಮಾಡಿದ ತಪ್ಪು. ಇಲ್ಲಿಯೂ ಅದನ್ನೇ ಮಾಡಲಾರೆವು.

ಚಿತ್ರವನ್ನು ನೋಡದ ಹಿರಿಯರೂ ಇಲ್ಲಿದ್ದಾರೆ. ಅವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಥಾನೋಸ್ ಎಂಬ ದೈತ್ಯನೊಬ್ಬ. ಅವನು ಹುಟ್ಟಿದ ಟೈಟನ್ ಎಂಬ ಲೋಕದಲ್ಲಿ ಬಾಯಿ ಹೆಚ್ಚಿ ಅನ್ನ ಸಾಲದಾಯಿತು. ಬಡವ ಬಲ್ಲಿದ ಎಂಬ ಭೇದವಿಲ್ಲದೆ, ಚೀಟಿ ಎತ್ತಿದಂತೆ, ಅರ್ಧ ಜನರನ್ನು ಕೊಂದರೆ ಉಳಿದರ್ಧ ಬದುಕುತ್ತದೆ ಎಂದು ಇವನು ಸಲಹೆ ಕೊಟ್ಟ. ಜನ ಹುಚ್ಚನೆಂದರು. ಆ ಲೋಕ ಹಾಳಾಯಿತು. ಅಂದಿನಿಂದ ತನ್ನ ಲೆಕ್ಕವೇ ಸರಿಯೆಂಬ ಹಟ ಇವನಿಗೆ. ಆರು ಮಣಿಗಳನ್ನು ಕೈಗವಸಿನಲ್ಲಿ ಕೂಡಿಸಿ ಒಂದು ಚಿಟಿಕೆ ಹೊಡೆದರೆ ವಿಶ್ವದ ಜೀವಿಗಳಲ್ಲಿ ಅರ್ಧ ಬೂದಿಯಾಗುತ್ತದೆ. ಭೂಮಿಯ ವೀರರೂ ಹೊರಗಿನ ಕೆಲವರೂ ತಡೆಯಲು ಹೋಗಿ ಸೋಲುತ್ತಾರೆ. ಮರುವರ್ಷ ಬಂದ 'ಎಂಡ್‌ಗೇಮ್' ಎಂಬ ಚಿತ್ರದಲ್ಲಿ ಹೋದವರನ್ನು ಮರಳಿ ತರುತ್ತಾರೆ.

ಜಗಳಗಳಲ್ಲಿ ಮೊದಲನೆಯದು ಕ್ವಿಲ್ ಎಂಬವನದು. ಟೈಟನ್‌ನಲ್ಲಿ ಥಾನೋಸ್‌ಗೆ ಮಂಕು ಹಿಡಿಸಿ, ನಾಲ್ಕಾರು ಜನ ಸೇರಿ ಕೈಗವಸನ್ನು ಎಳೆಯುತ್ತಿದ್ದಾರೆ, ಇನ್ನೇನು ಬಂದೇಬಿಟ್ಟಿತು. ಅಷ್ಟರಲ್ಲಿ ತನ್ನ ಪ್ರಿಯೆ ಗಮೋರಾಳನ್ನು ಇವನೇ ಕೊಂದನೆಂಬ ಸುದ್ದಿ ಕ್ವಿಲ್‌ಗೆ ತಿಳಿಯುತ್ತದೆ. ಸ್ಟಾರ್ಕ್ ಬೇಡ ಬೇಡ ಎಂದು ಕೂಗುತ್ತಿದ್ದರೂ ಕೇಳದೆ ಇವನು ದೈತ್ಯನ ಮುಖಕ್ಕೆ ಗುದ್ದುತ್ತಾನೆ. ಮಂಕು ಬಿಡುತ್ತದೆ, ಕೈಗವಸು ಹೋಗುತ್ತದೆ. ಅರ್ಧ ವಿಶ್ವದ ಸಾವು ಇವನ ತಲೆಯ ಮೇಲೆ ಎಂದು ಅಂದಿನಿಂದ ಇಂದಿನವರೆಗೆ ಅಭಿಮಾನಿಗಳು ಅವನನ್ನು ಬೈಯುತ್ತಿದ್ದಾರೆ.

ನಮಗೆ ಕ್ವಿಲ್‌ನ ಮೇಲೆ ಅಷ್ಟು ಸಿಟ್ಟಿಲ್ಲ. ಒಮ್ಮೆ ಒಂದು ಕಚೇರಿಯ ಮುಂದೆ ನಾವು ಧರಣಿ ಕೂತಿದ್ದಾಗ ಮಾತುಕತೆ ಸಾಗುತ್ತಿದ್ದ ಹೊತ್ತಿನಲ್ಲೇ ನಮ್ಮವನೊಬ್ಬ ಚಪ್ಪಲಿ ಎಸೆದ. ಹದಿನೈದು ದಿನಗಳ ಕೆಲಸ ಒಂದು ಗಳಿಗೆಯಲ್ಲಿ ಮಣ್ಣಾಯಿತು. ಆಗ ಅವನನ್ನು ಬೈದೆವು. ಅವನ ತಂಗಿಯ ಬಗ್ಗೆ ಒಳಗಿನಿಂದ ಯಾರೋ ಹೊಲಸು ಮಾತಾಡಿದ್ದರೆಂಬುದು ತಿಳಿದದ್ದು ಆಮೇಲೆ. ಕ್ವಿಲ್‌ನ ಪರವಾಗಿ ವಾದಿಸುವವರು ನೆನಪಿಸುವ ಒಂದು ಸಂಗತಿ ನಿಜವಾಗಿಯೂ ತೂಕದ್ದು. ಅದೇ ಚಿತ್ರದಲ್ಲಿ ಇದಕ್ಕೆ ಮುಂಚೆ, ದೈತ್ಯನ ಕೈಗೆ ಸಿಕ್ಕಿದರೆ ತನ್ನನ್ನು ಕೊಂದುಬಿಡು ಎಂದು ಗಮೋರಾ ಇವನಿಂದ ಮಾತು ತೆಗೆದುಕೊಂಡಿರುತ್ತಾಳೆ. ಆ ಗಳಿಗೆ ಬಂದಾಗ ಇವನು ಕಣ್ಣೀರಿಟ್ಟು ಬಂದೂಕಿನ ಕುದುರೆಯನ್ನು ಎಳೆದೇ ಬಿಡುತ್ತಾನೆ. ಗುಂಡನ್ನು ನೊರೆಗುಳ್ಳೆ ಮಾಡಿದವನು ಥಾನೋಸ್. ಅಂದರೆ ಕರ್ತವ್ಯ ಎಂಬುದು ಅವನಿಗೆ ಗೊತ್ತಿತ್ತು. ಒಂದು ಸಲ ಮಾಡಿಯೂ ಆಗಿತ್ತು. ಎರಡನೆಯ ಸಲಕ್ಕೆ ಶಕ್ತಿ ಉಳಿದಿರಲಿಲ್ಲ.

ಥಾರ್ ತಲೆಗೆ ಹೊಡೆಯದೆ ಎದೆಗೇಕೆ ಹೊಡೆದ ಎಂಬ ಜಗಳವೂ ಇಂಥದೇ. ಅದರಲ್ಲಿ ಹೆಚ್ಚು ಹುರುಳಿಲ್ಲ. ಡಾಕ್ಟರ್ ಸ್ಟ್ರೇಂಜ್‌ನದು ಸ್ವಲ್ಪ ಬೇರೆ. ಸ್ಟಾರ್ಕ್ ಸತ್ತರೂ ಸರಿ, ಕಾಲದ ಮಣಿಯನ್ನು ಬಿಟ್ಟುಕೊಡುವುದಿಲ್ಲ ಎಂದಿದ್ದವನು ಕೊನೆಗೆ ಸ್ಟಾರ್ಕ್‌ನ ಪ್ರಾಣಕ್ಕಾಗಿ ಅದನ್ನೇ ಕೊಟ್ಟುಬಿಡುತ್ತಾನೆ. ಏಕೆ? ಮುಂದಾಗಬಹುದಾದ 1,40,00,605 ದಾರಿಗಳನ್ನು ಅವನು ನೋಡಿ ಬಂದಿದ್ದಾನೆ, ಗೆಲ್ಲುವ ದಾರಿ ಒಂದೇ, ಆ ಒಂದರಲ್ಲಿ ಹೀಗೇ ಆಗಬೇಕಿತ್ತು. ಕ್ವಿಲ್‌ನ ಗುದ್ದಿಗೂ ಇದೇ ಉತ್ತರ, ಥಾರ್‌ನ ಕೊಡಲಿಗೂ ಇದೇ ಉತ್ತರ. ಕಥೆಯಲ್ಲಿ ಎಲ್ಲಿ ತೂತು ಕಂಡರೂ ಈ ಒಂದೇ ತೇಪೆ. "ಮೇಲಿನವರು ಎಲ್ಲ ಯೋಚಿಸಿಯೇ ಮಾಡಿದ್ದಾರೆ" ಎಂಬ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ. ನಮ್ಮ ಪಕ್ಷದಲ್ಲಿಯೂ ಕೇಳಿದ್ದುಂಟು. ಅಧ್ಯಕ್ಷರು ನಗುತ್ತಿದ್ದಾರೆ, ಇರಲಿ.

ಇದಕ್ಕಿಂತ ಆಳವಾದದ್ದು ವಿಷನ್‌ನ ಪ್ರಶ್ನೆ. ಅವನ ಹಣೆಯಲ್ಲೇ ಒಂದು ಮಣಿಯಿದೆ. ನನ್ನನ್ನು ನಾಶಮಾಡಿ, ಮಣಿಯೂ ನಾಶವಾಗುತ್ತದೆ, ಲೋಕ ಉಳಿಯುತ್ತದೆ ಎಂದು ಅವನೇ ಕೇಳಿಕೊಳ್ಳುತ್ತಾನೆ. ನಾವು ಪ್ರಾಣದ ವ್ಯಾಪಾರ ಮಾಡುವವರಲ್ಲ ಎನ್ನುತ್ತಾನೆ ಸ್ಟೀವ್ ರಾಜರ್ಸ್. ಕೇಳಲು ಎಷ್ಟು ಚೆನ್ನಾದ ಮಾತು! ಆಮೇಲೆ ಏನಾಗುತ್ತದೆ? ವಿಷನ್‌ನನ್ನು ಆಫ್ರಿಕದ ವಕಾಂಡ ಎಂಬ ಕಲ್ಪಿತ ರಾಜ್ಯಕ್ಕೆ ಕರೆದೊಯ್ಯುತ್ತಾರೆ. ಮಣಿಯನ್ನು ನಾಜೂಕಾಗಿ ಬಿಡಿಸಲು ಸಮಯ ಬೇಕು. ಆ ಸಮಯವನ್ನು ಕೊಂಡುಕೊಡುವವರು ಯಾರು? ವಕಾಂಡದ ಸೈನಿಕರು. ಶತ್ರುಗಳು ಹಿಂದಿನಿಂದ ಸುತ್ತುವರಿಯದಿರಲೆಂದು ತಮ್ಮ ಕೋಟೆಯ ತೆರೆಯನ್ನು ತಾವೇ ತೆರೆದು ಆ ಮೃಗಗಳ ಹಿಂಡನ್ನು ಎದೆಯ ಮೇಲೆ ಹಾಕಿಕೊಳ್ಳುತ್ತಾರೆ. ಎಷ್ಟು ಜನ ಸತ್ತರೆಂದು ಚಿತ್ರ ಹೇಳುವುದಿಲ್ಲ. ಅವರ ಹೆಸರುಗಳೂ ನಮಗೆ ತಿಳಿಯುವುದಿಲ್ಲ. ಕೆಲವು ಅಭಿಮಾನಿಗಳು ಇದನ್ನೇ ಹಿಡಿದು ಕೇಳಿದರು: ವ್ಯಾಪಾರ ನಡೆಯಲಿಲ್ಲವೆಂದು ಹೇಗೆ ಹೇಳುತ್ತೀರಿ? ನಡೆಯಿತು, ಹೆಸರಿಲ್ಲದವರ ಲೆಕ್ಕದಲ್ಲಿ ನಡೆಯಿತು. ಈ ಪ್ರಶ್ನೆ ಕೇಳಿದವನು ಯಾರೇ ಆಗಲಿ, ಅವನು ನಮ್ಮ ಶಿಬಿರದಲ್ಲಿ ಇರಬೇಕಾದವನು.

ಇನ್ನು ಥಾನೋಸ್‌ನ ಲೆಕ್ಕಕ್ಕೆ ಬರುತ್ತೇವೆ. ನಾವು ಮಾತಾಡಲು ಎದ್ದದ್ದು ಇದಕ್ಕಾಗಿ.

ಆ ಚಿತ್ರ ಬಂದ ವರ್ಷ ನಾವು ಇನ್ನೂ ಶಾಲೆಯಲ್ಲಿದ್ದೆವು. ಹತ್ತನೆಯ ತರಗತಿಯ ಒಬ್ಬ ಹುಡುಗ, ಕೂಲಿ ಮಾಡುವವರ ಮಗ, ಐದು ಮಕ್ಕಳಲ್ಲಿ ನಾಲ್ಕನೆಯವನು, ಬುದ್ಧಿವಂತ, ಒಂದು ದಿನ ಎದ್ದು ನಿಂತು, "ಸಾರ್, ಥಾನೋಸ್ ಹೇಳಿದ್ದೇ ಸರಿ. ಜನ ಜಾಸ್ತಿಯಾಗಿದ್ದಾರೆ, ಅದಕ್ಕೇ ಯಾರಿಗೂ ಕೆಲಸ ಇಲ್ಲ" ಎಂದ. ಅರ್ಧದಲ್ಲಿ ನೀನೇ ಹೋದರೋ ಎಂದು ಪಕ್ಕದವನು ಕೇಳಿದ. ಅದಕ್ಕೆ ಈ ಹುಡುಗ ಹೇಳಿದ್ದನ್ನು ನಾವು ಮರೆತಿಲ್ಲ: "ಹೋದರೆ ಹೋಗಲಿ. ಅವನು ಸಾಹುಕಾರರ ಮಕ್ಕಳು, ನಮ್ಮಂಥವರು ಅಂತ ನೋಡಲ್ಲವಲ್ಲ." ಅಂದು ನಮಗೆ ಉತ್ತರ ತೋಚಲಿಲ್ಲ. ಪುಸ್ತಕ ತೆಗೆಯಿರಿ ಎಂದು ಪಾಠಕ್ಕೆ ಹೋದೆವು. ಆ ಉತ್ತರವನ್ನು ಇಂದು ಕೊಡಲು ಯತ್ನಿಸುತ್ತೇವೆ. ಆ ಹುಡುಗ ಇಲ್ಲಿಲ್ಲ. ಅವನಂತೆ ಯೋಚಿಸುವವರು ಇದ್ದಾರೆಂದು ನಿನ್ನೆ ರಾತ್ರಿ ತಿಳಿಯಿತು.

ಥಾನೋಸ್‌ನನ್ನು ಮೊದಲು ಕಲ್ಪಿಸಿದವರು ಜಿಮ್ ಸ್ಟಾರ್ಲಿನ್. ಚಿತ್ರಕಥೆಯ ಪುಸ್ತಕವೊಂದರಲ್ಲಿ ಅವನು ಕಾಣಿಸಿಕೊಂಡದ್ದು 1973ರಲ್ಲಿ. 1991ರಲ್ಲಿ ಅವರೇ ಬರೆದ ಕಥೆಯಲ್ಲಿ ಈ ದೈತ್ಯ ಅರ್ಧ ವಿಶ್ವವನ್ನು ಕೊಲ್ಲುವುದು ಸಾವು ಎಂಬ ಹೆಣ್ಣನ್ನು ಮೆಚ್ಚಿಸಲು. ಅನ್ನದ ಮಾತೇ ಅಲ್ಲಿಲ್ಲ. ಚಲಚ್ಚಿತ್ರದವರು ಆ ಹುಚ್ಚು ಪ್ರೇಮವನ್ನು ತೆಗೆದು ಜನಸಂಖ್ಯೆಯ ವಾದವನ್ನು ತುಂಬಿದರು. ಪಾತ್ರ ಗಂಭೀರವಾಯಿತೆಂದು ಬಹಳ ಮಂದಿ ಮೆಚ್ಚಿದರು. ನಮಗೆ ಹಳೆಯವನೇ ವಾಸಿ ಎನಿಸುತ್ತದೆ. ಅವನು ಕೊಲೆಗಾರನಂತೆ ಮಾತಾಡುತ್ತಾನೆ, ಇವನು ಅಧಿಕಾರಿಯಂತೆ.

ಆದರೆ ಅಭಿಮಾನಿಗಳು ಸುಮ್ಮನಿರಲಿಲ್ಲ. ಸರ್ವಶಕ್ತಿ ಕೈಯಲ್ಲಿದ್ದಾಗ ಜನರನ್ನು ಅರ್ಧ ಮಾಡುವ ಬದಲು ಅನ್ನವನ್ನು ಎರಡರಷ್ಟು ಮಾಡಬಾರದಿತ್ತೆ ಎಂದು ಮೊದಲ ವಾರದಲ್ಲೇ ಕೇಳಿದರು. ಎರಡರಷ್ಟು ಮಾಡಿದರೆ ಜನ ಮತ್ತೆ ಬೆಳೆದು ತಿಂದು ಮುಗಿಸುತ್ತಾರೆ ಎಂದು ದೈತ್ಯನ ಪರದವರ ಉತ್ತರ. ಹಾಗಾದರೆ ಅರ್ಧ ಮಾಡಿದರೂ ಬೆಳೆಯುತ್ತಾರಲ್ಲ! 2018ರಲ್ಲಿ ಲೋಕದಲ್ಲಿ ಇದ್ದವರು ಸುಮಾರು 760 ಕೋಟಿ. ಅದರ ಅರ್ಧ 380 ಕೋಟಿ. 1970ರ ದಶಕದ ಮೊದಲಿನಲ್ಲಿ ಲೋಕದಲ್ಲಿ ಇದ್ದವರೇ ಅಷ್ಟು. ಇಷ್ಟು ಕೊಲೆಗೆ ದೈತ್ಯನಿಗೆ ದಕ್ಕಿದ್ದು ಐವತ್ತು ವರ್ಷವೂ ಇಲ್ಲ. ಮನುಷ್ಯರ ಜೊತೆಗೆ ಪ್ರಾಣಿಗಳೂ ಅರ್ಧವಾದವೆಂದು ನಿರ್ಮಾಪಕ ಕೆವಿನ್ ಫೈಗಿಯವರೇ ಆಮೇಲೆ ಒಪ್ಪಿದರು. ಉಣ್ಣುವವರು ಅರ್ಧ, ಉಳುವ ಎತ್ತೂ ಅರ್ಧ, ಹಾಲು ಕೊಡುವ ಹಸುವೂ ಅರ್ಧ. ಲಾಭ ಎಲ್ಲಿ ಬಂತು?

ಇನ್ನೊಂದು ಪತ್ತೆ ಇನ್ನೂ ಸೊಗಸು. ಗಮೋರಾಳ ಲೋಕದಲ್ಲಿಯೂ ತಾನು ಹೀಗೇ ಅರ್ಧ ಜನರನ್ನು ಕೊಂದೆ, ಅಂದಿನಿಂದ ಅಲ್ಲಿನ ಮಕ್ಕಳು ಹೊಟ್ಟೆತುಂಬ ಉಣ್ಣುತ್ತಿವೆ ಎಂದು ಥಾನೋಸ್ ಕೊಚ್ಚಿಕೊಳ್ಳುತ್ತಾನೆ. 2014ರ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಚಿತ್ರದಲ್ಲಿ ಗಮೋರಾ ಸೆರೆಸಿಕ್ಕಾಗ ಪೊಲೀಸರ ದಾಖಲೆ ಒಂದು ಗಳಿಗೆ ತೆರೆಯ ಮೇಲೆ ಬರುತ್ತದೆ. ಅವಳ ಕುಲದಲ್ಲಿ ಉಳಿದವಳು ಅವಳೊಬ್ಬಳೇ ಎಂದು ಅದರಲ್ಲಿದೆ. ಕಣ್ಣಿಟ್ಟು ನೋಡಿದವರು ಅದನ್ನು ಹಿಡಿದರು. ಬರೆದವರ ಮರೆವೋ, ದೈತ್ಯನ ಸುಳ್ಳೋ ಎಂಬ ವಾದ ಇನ್ನೂ ನಡೆದಿದೆ. ಸರ್ಕಾರಿ ವರದಿ ಓದಿದ ಅಭ್ಯಾಸ ನಮಗಿರುವುದರಿಂದ ಸುಳ್ಳೆಂದೇ ನಮ್ಮ ಮತ.

ಸಮನಾಗಿ ಚೀಟಿ ಎತ್ತುತ್ತಾನಲ್ಲ ಎಂಬ ಆ ಹುಡುಗನ ಮಾತು ಉಳಿಯಿತು. ನೋಡಿ, ಅರ್ಧ ಸಾಹುಕಾರರು ಹೋದರು, ಅರ್ಧ ಕೂಲಿಗಳು ಹೋದರು. ಸಾಹುಕಾರನ ನೂರು ಎಕರೆ ಎಲ್ಲಿಗೆ ಹೋಯಿತು? ಉಳಿದ ಮಗನಿಗೆ. ಕೂಲಿಯವನ ಮಗನಿಗೆ ಏನು ಬಂತು? ಚಿಟಿಕೆಗೆ ಮನುಷ್ಯರು ಬೂದಿಯಾದರು. ಒಂದು ಪಹಣಿಯಲ್ಲಿಯೂ ಹೆಸರು ಈಚೆಗೆ ಬರಲಿಲ್ಲ. ಇದು ಬರೀ ಊಹೆಯಲ್ಲ. 1348ರಲ್ಲಿ ಇಂಗ್ಲೆಂಡಿಗೆ ಪ್ಲೇಗು ಬಂದು, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಸತ್ತರು. ಆಳು ಸಿಗದೆ ಕೂಲಿ ಏರಿತು, ಇದು ನಿಜ. ಥಾನೋಸ್‌ನ ಕಡೆಯವರು ಇದನ್ನು ಹೇಳುವುದುಂಟು. ಆದರೆ ಜಮೀನ್ದಾರರು ಏನು ಮಾಡಿದರು? 1351ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯಿದೆ ಮಾಡಿ, ಪ್ಲೇಗಿಗೆ ಮುಂಚಿನ ಕೂಲಿಗಿಂತ ಒಂದು ಕಾಸು ಹೆಚ್ಚು ಕೇಳಕೂಡದೆಂದರು. ಅಲ್ಲಿನ ರೈತರು 1381ರಲ್ಲಿ ದಂಗೆ ಏಳಬೇಕಾಯಿತು.

ನಮ್ಮ ದೇಶದ್ದನ್ನೂ ಹೇಳಬೇಕು. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಅಮರ್ತ್ಯ ಸೆನ್ 1981ರ ತಮ್ಮ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದರು: ಕ್ಷಾಮವಿಲ್ಲದ 1941ಕ್ಕಿಂತ 1943ರಲ್ಲಿ ಅಲ್ಲಿ ಧಾನ್ಯ ಹೆಚ್ಚೇ ಇತ್ತು. ಇರಲಿಲ್ಲವಾದದ್ದು ಕೂಲಿಯವನ ಕೈಯಲ್ಲಿ ಕಾಸು. 1951ರಲ್ಲಿ ನಾವು 36 ಕೋಟಿ ಇದ್ದೆವು, ಬೆಳೆದದ್ದು ಸುಮಾರು 5 ಕೋಟಿ ಟನ್. 2018-19ರಲ್ಲಿ ಜನ ನಾಲ್ಕರಷ್ಟೂ ಆಗಿರಲಿಲ್ಲ, ಧಾನ್ಯ 28 ಕೋಟಿ ಟನ್ ದಾಟಿತ್ತು. ಅನ್ನವನ್ನು ಎರಡರಷ್ಟು ಮಾಡಿ ಎಂದು ಅಭಿಮಾನಿಗಳು ದೈತ್ಯನನ್ನು ಕೇಳಿದರಲ್ಲ, ಅದನ್ನು ಮಣಿಯಿಲ್ಲದ ರೈತ ಮಾಡಿ ತೋರಿಸಿದ್ದಾನೆ, ಎರಡರಷ್ಟಲ್ಲ, ಐದರಷ್ಟು. ಆದರೂ ಆ ಹುಡುಗನ ಮನೆಯಲ್ಲಿ ರಾತ್ರಿಯ ಊಟ ಖಾತ್ರಿಯಿರಲಿಲ್ಲ. ಹಾಗಾದರೆ ಹೆಚ್ಚಾದದ್ದು ಬಾಯಲ್ಲ.

ಚೀಟಿಯ ಮಾತೂ ಅಷ್ಟೆ. ಚಿತ್ರ ಬಂದ ವರ್ಷದ ಜುಲೈನಲ್ಲಿ, ಥಾನೋಸ್ ತಪ್ಪೇನೂ ಮಾಡಲಿಲ್ಲ ಎನ್ನುವ ಅಭಿಮಾನಿಗಳ ಒಂದು ದೊಡ್ಡ ಕೂಟದವರು ತಮಾಷೆಗಾಗಿ ತಮ್ಮಲ್ಲೇ ಚೀಟಿ ಎತ್ತಿಸಿ ಅರ್ಧ ಮಂದಿಯನ್ನು ಹೊರಹಾಕಿಸಿಕೊಂಡರು. ಹೊರಬಿದ್ದವರು ಮೂರು ಲಕ್ಷಕ್ಕೂ ಹೆಚ್ಚು. ಯಾರ ಮನೆಯ ಒಲೆಯೂ ಆರಲಿಲ್ಲ, ಎಲ್ಲರೂ ನಕ್ಕರು. ಆದರೆ ಜನ ಹೆಚ್ಚಾದರೆಂದು ಆಳುವವರು ನಿಜವಾಗಿ ಹೊರಟಾಗ ಚೀಟಿ ಎತ್ತುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆ ನಡೆಯಿತು. ಉತ್ತರದ ರಾಜ್ಯಗಳಲ್ಲಿ ಶಾಲೆಯ ಮೇಷ್ಟ್ರುಗಳಿಗೂ ಇಷ್ಟು ಜನರನ್ನು ಕರೆತನ್ನಿ ಎಂದು ಲೆಕ್ಕ ಕೊಟ್ಟರು, ತರದವರ ಸಂಬಳ ತಡೆದರು. ಅವರು ಯಾರ ಮನೆಗೆ ಹೋಗಿರುತ್ತಾರೆ? ಬಂಗಲೆಗಳಿಗೆ ಹೋಗಲಿಲ್ಲ.

ಚಿತ್ರದ ಒಬ್ಬ ವೀರನೂ ದೈತ್ಯನ ಲೆಕ್ಕ ತಪ್ಪೆಂದು ಬಿಡಿಸಿ ಹೇಳುವುದಿಲ್ಲ. ಗಮೋರಾ ಮಾತ್ರ, ನಿನಗೆ ಹೇಗೆ ಗೊತ್ತು ಎಂಬಂತೆ ಒಂದು ಮಾತು ಆಡುತ್ತಾಳೆ. ಉಳಿದವರೆಲ್ಲ ಗುದ್ದುತ್ತಾರೆ. 'ಎಂಡ್‌ಗೇಮ್'ನಲ್ಲಿ ಅದೇ ಸ್ಟೀವ್, ಹಡಗು ಕಡಮೆಯಾಗಿ ನದಿಯ ನೀರು ತಿಳಿಯಾಯಿತು, ತಿಮಿಂಗಿಲ ಕಂಡೆ ಎನ್ನುವಾಗ ನತಾಶಾ ಅವನ ಬಾಯಿ ಮುಚ್ಚಿಸುತ್ತಾಳೆ. ಲೆಕ್ಕಕ್ಕೆ ಲೆಕ್ಕ ಅಲ್ಲಿಯೂ ಇಲ್ಲ. ಆ ಕೆಲಸ ನೋಡುವವರಿಗೇ ಉಳಿಯಿತು, ಅವರು ಮಾಡಿದರು.

ಕ್ವಿಲ್‌ನ ವಿಷಯದಲ್ಲಿ ನಮ್ಮ ಮಾತನ್ನು ಒಪ್ಪದವರು ಈಗ ಎದ್ದು ಮಾತಾಡಬಹುದು. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ಕೈ ಎತ್ತಿದ್ದಾರೆ. ಊಟದ ಗಂಟೆ ಹೊಡೆಯಲು ಇನ್ನೂ ಅರ್ಧ ಗಂಟೆಯಿದೆ.