ತಿಂಗಳಿಗೆ ಎರಡು ಲೀಟರ್

(ಸಾಲಿಗ್ರಾಮದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಸಂಘದ ಪ್ರತಿನಿಧಿಯೊಬ್ಬರು ಮಾಡಿದ ಭಾಷಣ)



ಇವತ್ತು ನನಗೆ ಕೊಟ್ಟಿರುವ ವಿಷಯ ‘ಗುರಿ ಇಟ್ಟುಕೊಳ್ಳುವುದು ಹೇಗೆ’ ಎಂಬುದು. ಗುರಿ ಅಂದ ಕೂಡಲೇ ನಾವು ದೊಡ್ಡದಾಗಿ ಯೋಚನೆ ಮಾಡುತ್ತೇವೆ. ಮನೆ ಕಟ್ಟಬೇಕು, ಸಾಲವೆಲ್ಲ ತೀರಬೇಕು, ಮಗಳನ್ನು ಓದಿಸಬೇಕು ಅಂತ. ಇವೆಲ್ಲ ಒಳ್ಳೆಯ ಆಸೆಗಳೇ. ಆದರೆ ಆಸೆ ಬೇರೆ, ಗುರಿ ಬೇರೆ. ಇದನ್ನು ನಾನು ಕಲಿತದ್ದು ಪೆಟ್ರೋಲಿನಿಂದ. ನಗಬೇಡಿ, ಹೇಳ್ತೀನಿ ಕೇಳಿ.

ನಮ್ಮದು ಸಣ್ಣ ದಿನಸಿ ಅಂಗಡಿ. ಸಾಮಾನು ತರಲು, ಮನೆಯ ಓಡಾಟಕ್ಕೆ ಒಂದು ಹಳೆಯ ಮಾರುತಿ ಓಮ್ನಿ ಇದೆ. ಮಗನ ಕಾಲೇಜು ಫೀಸಿಗೆ ಸಂಘದಿಂದ ಹತ್ತು ಸಾವಿರ ಸಾಲ ತೆಗೆದುಕೊಂಡಿದ್ದೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 200 ರೂಪಾಯಿ. ‘ಒಂದೇ ವರ್ಷದಲ್ಲಿ ಎಲ್ಲಾ ತೀರಿಸಿಬಿಡ್ತೀನಿ’ ಅಂತ ಸಭೆಯಲ್ಲಿ ಜೋರಾಗಿ ಹೇಳಿದ್ದೆ. ಮೂರನೇ ತಿಂಗಳಿಗೆ ಬಡ್ಡಿಯೂ ಕಟ್ಟಲು ಆಗಲಿಲ್ಲ. ಬೇರೆಯವರ ಬಾಕಿ ಓದುತ್ತಿದ್ದ ನಾನೇ ಅವತ್ತು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಬಾಕಿ’ ಅಂತ ಓದಬೇಕಾಯಿತು. ಯಾರೂ ಒಂದು ಮಾತು ಅನ್ನಲಿಲ್ಲ. ಆದರೂ ತಲೆ ಎತ್ತಲು ಆಗಲಿಲ್ಲ.

ಆ ರಾತ್ರಿ ಕೂತು ಖರ್ಚು ಬರೆದೆ. ಅಕ್ಕಿ ಗೊತ್ತು, ಗ್ಯಾಸ್ ಗೊತ್ತು, ಕರೆಂಟ್ ಬಿಲ್ ಗೊತ್ತು. ಪೆಟ್ರೋಲ್ ಎಷ್ಟು ಅಂದರೆ ಯಾರಿಗೂ ಗೊತ್ತಿಲ್ಲ! ಇನ್ನೂರು, ಮುನ್ನೂರು ಅಂತ ಬೇಕಾದಾಗ ಹಾಕಿಸುವುದು, ಮರೆಯುವುದು. ಲೆಕ್ಕ ಇಲ್ಲದ ಕಡೆ ಉಳಿತಾಯ ಎಲ್ಲಿಂದ ಬರಬೇಕು?

ಆಮೇಲೆ ಒಂದು ತಿಂಗಳು ಬರೀ ಲೆಕ್ಕ ಇಟ್ಟೆವು. ಇದು ಸುಲಭ. ಒಮ್ಮೆ ಟ್ಯಾಂಕ್ ಫುಲ್ ಮಾಡಿಸಿ, ಮೀಟರಿನಲ್ಲಿರುವ ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತ್ತು ನೋಡಿ. ಓಡಿದ್ದನ್ನು ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ನಮ್ಮದು 600 ಕಿ.ಮೀ. ಓಡಿತ್ತು, 50 ಲೀಟರ್ ಕುಡಿದಿತ್ತು. ಲೀಟರಿಗೆ 12 ಕಿ.ಮೀ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಲೀಟರಿಗೆ ನೂರು ರೂಪಾಯಿ ಇಟ್ಟುಕೊಂಡರೂ ಐದು ಸಾವಿರ ರೂಪಾಯಿ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

‘ಅರ್ಧಕ್ಕರ್ಧ ಕಡಿಮೆ ಮಾಡೋಣ’ ಅಂದರು ಯಜಮಾನರು. ನಾನು ಬೇಡ ಅಂದೆ. ಒಂದು ಸಲ ಜೋರಾಗಿ ಮಾತಾಡಿ ಪೆಟ್ಟು ತಿಂದಿದ್ದೆನಲ್ಲ! ‘ತಿಂಗಳಿಗೆ ಎರಡೇ ಎರಡು ಲೀಟರ್ ಉಳಿಸೋಣ’ ಅಂದೆ. ಎರಡು ಲೀಟರ್ ಅಂದರೆ 200 ರೂಪಾಯಿ. ಅದು ಸರಿಯಾಗಿ ಹತ್ತು ಸಾವಿರಕ್ಕೆ ಒಂದು ತಿಂಗಳ ಬಡ್ಡಿ. ಗುರಿ ಎಂದರೆ ಹೀಗಿರಬೇಕು. ಎಷ್ಟು, ಯಾವಾಗ, ಯಾತಕ್ಕೆ ಎಂಬುದು ಮೊದಲೇ ಗೊತ್ತಿರಬೇಕು.

ಎರಡು ಲೀಟರ್ ಉಳಿಸಲು ನಾವು ಮಾಡಿದ್ದು ಇಷ್ಟು:

1. ಓಡಾಟ ಕೂಡಿಸಿದೆವು. ಕೆ.ಆರ್. ನಗರಕ್ಕೆ ಸಾಮಾನಿಗೆ ಒಂದು ದಿನ, ಬ್ಯಾಂಕಿಗೆ ಒಂದು ದಿನ ಹೋಗುತ್ತಿದ್ದದ್ದನ್ನು ಒಂದೇ ದಿನಕ್ಕೆ ಮಾಡಿದೆವು. ಹೋಗಿ ಬರಲು 40 ಕಿ.ಮೀ. ಆದರೆ, ಒಂದು ಓಡಾಟ ತಪ್ಪಿದರೆ ಮೂರು ಲೀಟರಿಗಿಂತ ಹೆಚ್ಚು ಉಳಿಯಿತು.

2. ನಾನೊಬ್ಬಳೇ ಹೋಗುವ ಕೆಲಸಕ್ಕೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಬಸ್ ನಿಂತಿರುವಾಗ ನನ್ನೊಬ್ಬಳಿಗೆ ಓಮ್ನಿ ಯಾಕೆ?

3. ಟೈರಿಗೆ ಸರಿಯಾಗಿ ಗಾಳಿ. ಗಾಳಿ ಕಡಿಮೆಯಾದರೆ ಇಂಜಿನ್ ಹೆಚ್ಚು ಎಳೆಯಬೇಕಾಗುತ್ತದೆ. ಹದಿನೈದು ದಿನಕ್ಕೊಮ್ಮೆ, ಗಾಡಿ ಬಹಳ ಓಡುವ ಮೊದಲು, ಕಂಪನಿ ಹೇಳಿದಷ್ಟು ಹಾಕಿಸಿ.

4. ನಿಧಾನ. ಪೆಟ್ರೋಲ್ ಉಳಿಸುವುದನ್ನು ಕಲಿಸಲೆಂದೇ ಇರುವ ಕೇಂದ್ರ ಸರ್ಕಾರದ ಪಿಸಿಆರ್‌ಎ ಸಂಸ್ಥೆ ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಹೋಗಿ ಅನ್ನುತ್ತದೆ. ಪದೇ ಪದೇ ಬ್ರೇಕ್ ಒತ್ತುವುದು, ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು ಬೇಡ. ರೈಲ್ವೆ ಗೇಟ್ ಹಾಕಿದ್ದರೆ ಇಂಜಿನ್ ಆಫ್ ಮಾಡಿ.

5. ಬೇಡದ ಭಾರ ಇಳಿಸಿದೆವು. ಓಮ್ನಿಯ ಹಿಂದೆ ಎರಡು ಮೂಟೆ ಉಪ್ಪು ವಾರಗಟ್ಟಲೆ ಸವಾರಿ ಮಾಡುತ್ತಿದ್ದವು! ಮಣ್ಣು ರಸ್ತೆಯ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಿತ್ತು, ಅದನ್ನೂ ಬದಲಾಯಿಸಿದೆವು.

ಮೊಪೆಡ್, ಸ್ಕೂಟಿ ಇರುವವರಿಗೂ ಇದೇ ಮಾತು. ಗಾಡಿ ಇಲ್ಲದವರು ಗ್ಯಾಸಿನಿಂದ ಶುರು ಮಾಡಿ. ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಳು ನೆನೆಸಿ, ಮುಚ್ಚಳ ಮುಚ್ಚಿ ಬೇಯಿಸಿ. ನಾಲ್ಕು ದಿನ ಹೆಚ್ಚು ಬಂದರೆ ಅದೂ ಗುರಿಯೇ.

ಈಗ ಮುಖ್ಯವಾದ ಮಾತು ಕೇಳಿ. ಮೊದಲ ತಿಂಗಳು ನಾವು ಎರಡಲ್ಲ, ನಾಲ್ಕು ಲೀಟರ್ ಉಳಿಸಿದೆವು. ಆದರೆ ಬಡ್ಡಿ ಕಟ್ಟುವ ದಿನ ದುಡ್ಡು ಎಲ್ಲಿ? ಇಲ್ಲ! ಟೀಗೆ, ಬೀಡಾಗೆ, ಯಾರೋ ಕೇಳಿದ ಕೈಸಾಲಕ್ಕೆ ಹೋಗಿತ್ತು. ಆಗ ಅರ್ಥವಾಯಿತು, ಖರ್ಚಾಗದೆ ಉಳಿದ ದುಡ್ಡು ಇನ್ನೂ ಉಳಿತಾಯ ಆಗಿಲ್ಲ ಅಂತ. ಸಂಘದ ಪುಸ್ತಕದಲ್ಲಿ ಬರೆದ ಮೇಲೆಯೇ ಅದು ಉಳಿತಾಯ. ಅವತ್ತಿನಿಂದ ಪೆಟ್ರೋಲ್ ಹಾಕಿಸುವ ದಿನವೇ 50 ರೂಪಾಯಿ ಡಬ್ಬಿಗೆ ಹಾಕಿ, ವಾರದ ಸಭೆಗೆ ತರುತ್ತೇನೆ.

ಮತ್ತೊಂದು ವಿಷಯ. ಗಾಡಿ ಓಡಿಸುವುದು ಯಜಮಾನರು. ‘ನೀವು ಸ್ಪೀಡಾಗಿ ಹೋಗ್ತೀರಿ’ ಅಂತ ನಾನು ದಿನಾ ಅಂದಿದ್ದರೆ ಉಳಿಯುತ್ತಿದ್ದದ್ದು ಜಗಳ ಮಾತ್ರ. ಲೆಕ್ಕ ಇಡುವುದು, ಓಡಾಟ ಕೂಡಿಸುವುದು, ಬಸ್ಸಿನಲ್ಲಿ ಹೋಗುವುದು ನನ್ನ ಕೈಯಲ್ಲಿತ್ತು. ಅದನ್ನು ನಾನು ಮಾಡಿದೆ. ಪುಸ್ತಕದಲ್ಲಿ ಅಂಕಿ ನೋಡಿ ಅವರೇ ನಿಧಾನಕ್ಕೆ ಬದಲಾದರು. ಬೇರೆಯವರನ್ನು ಬದಲಾಯಿಸುವುದನ್ನು ನಿಮ್ಮ ಗುರಿ ಮಾಡಿಕೊಳ್ಳಬೇಡಿ, ಸೋತು ಹೋಗ್ತೀರಿ.

ಮದುವೆಗಳ ತಿಂಗಳಲ್ಲಿ ನಮ್ಮ ಗುರಿ ತಪ್ಪಿತು. ಪುಸ್ತಕದಲ್ಲಿ ಸೊನ್ನೆ ಬರೆದೆ. ಬರೆದದ್ದರಿಂದ ಮುಂದಿನ ತಿಂಗಳು ಮತ್ತೆ ಹಿಡಿಯಲು ಆಯಿತು. ಅಸಲು ಇನ್ನೂ ಪೂರ್ತಿ ತೀರಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಒಂದು ತಿಂಗಳೂ ಬಡ್ಡಿ ಬಾಕಿ ಇಲ್ಲ.

ಬಾಕಿ ಬಿದ್ದಾಗ ಏನಾಗುತ್ತದೆ ನಿಮಗೆ ಗೊತ್ತು. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದಕ್ಕೆ ಮತ್ತೊಂದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಕಿರುಕುಳ ತಡೆಯಬಹುದು, ನಮ್ಮ ಕಂತು ಕಟ್ಟುವುದಿಲ್ಲ.

ಒಂದು ಎಚ್ಚರಿಕೆ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಉಳಿಸಬೇಡಿ, ಬ್ರೇಕ್ ಕೈಕೊಡಬಹುದು. ಇನ್ಶೂರೆನ್ಸ್ ನಿಲ್ಲಿಸಿ ಉಳಿಸಬೇಡಿ. ಬಾಟಲಿಯಲ್ಲಿ ಪೆಟ್ರೋಲ್ ತಂದು ಒಲೆ ಇರುವ ಮನೆಯಲ್ಲಿ ಇಡಬೇಡಿ. ಬಸುರಿಗೆ ನೋವು ಬಂದಾಗ, ಮಗುವಿಗೆ ಜ್ವರ ಏರಿದಾಗ ಪೆಟ್ರೋಲ್ ಲೆಕ್ಕ ಹಾಕಬೇಡಿ. ನಾವು ಉಳಿಸುವುದೇ ಅಂಥ ದಿನಕ್ಕೆ.

ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಒಂದು ಮಾತು ಹೇಳುತ್ತಾರೆ. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು, ಇಲ್ಲವಾದರೆ ಅಡಿಪಾಯಕ್ಕೇ ನಿಂತು ನಗೆಪಾಟಲಾಗುತ್ತದೆ ಎಂದು. ನಮ್ಮ ಸಂಘಗಳ ಚರಿತ್ರೆಯೂ ಅದನ್ನೇ ಹೇಳುತ್ತದೆ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ ಇಡೀ ದೇಶಕ್ಕೆ ಇಟ್ಟುಕೊಂಡ ಗುರಿ 500 ಗುಂಪು ಮಾತ್ರ. ಇವತ್ತು ಲಕ್ಷಗಟ್ಟಲೆ ಗುಂಪುಗಳಿವೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಕ್ಕಂದಿರೇ, ಇವತ್ತು ಮನೆಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಒಂದೇ ಗುರಿ ಬರೆಯಿರಿ. ಏನು? ಎಷ್ಟು? ಯಾವ ದಿನದೊಳಗೆ? ಅದು ನನ್ನ ಕೈಯಲ್ಲಿದೆಯೇ? ಬರೆಯಲು ಬಾರದವರು ಪಕ್ಕದವರ ಕೈಯಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಎಲ್ಲರೂ ಓದೋಣ. ನನ್ನದನ್ನು ನಾನೇ ಮೊದಲು ಓದ್ತೀನಿ, ಸೊನ್ನೆ ಇದ್ದರೂ ಸರಿ.