ಊರು ಹೇಳಿದರೆ ಆಸ್ಪತ್ರೆಗೆ ತಿಳಿಯುತ್ತದೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ತರಬೇತಿ ಪಡೆದು, ಮಲೆನಾಡಿನ ಉಪಕೇಂದ್ರಗಳಲ್ಲೇ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಜನ ನನ್ನನ್ನು ನರ್ಸಮ್ಮ ಎಂದೇ ಕರೆದರು. ಭಾಷಣ ಮಾಡಿ ರೂಢಿಯಿಲ್ಲ. ನಮ್ಮೆಲ್ಲರಿಗೂ ಸಂಬಂಧಿಸಿದ ಒಂದೇ ವಿಷಯ ಹೇಳುತ್ತೇನೆ. ಅದು ಮಂಗನ ಕಾಯಿಲೆ.

1957ರಲ್ಲಿ ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಊರುಗಳ ಜನಕ್ಕೂ ವಿಪರೀತ ಜ್ವರ ಬಂತು. ಪುಣೆಯ ವಿಜ್ಞಾನಿಗಳು ಹೊಸ ವೈರಸ್ ಒಂದನ್ನು ಪತ್ತೆ ಮಾಡಿದರು. ಕಾಯಿಲೆಗೆ ಆ ಕಾಡಿನ ಹೆಸರೇ ಬಿತ್ತು.

ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಸೋಂಕಿರುವ ಉಣುಗು ಕಚ್ಚಿ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ತರಗೆಲೆಯಲ್ಲಿ ಸೇರುತ್ತವೆ. ಡಿಸೆಂಬರಿನಿಂದ ಮೇವರೆಗೆ ಮರಿ ಉಣುಗುಗಳ ಕಾಲ. ನಾವು ತರಗೆಲೆ ಗುಡಿಸಲು, ಸೌದೆ ತರಲು ಬೆಟ್ಟ ಹತ್ತುವುದೂ ಅದೇ ಕಾಲ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ. ಆ ವೈರಸ್ಸಿಗೆಂದೇ ಔಷಧವಿಲ್ಲ. ಬೇಗ ಆಸ್ಪತ್ರೆಗೆ ಸೇರಿದರೆ ಡ್ರಿಪ್ ಹಾಕಿ, ರಕ್ತಸ್ರಾವ ನೋಡಿಕೊಂಡು ಉಳಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಕೊಟ್ಟ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. ಹಾಗಾದರೆ ನಮ್ಮ ಕೈಯಲ್ಲಿ ಉಳಿದಿರುವುದೇನು? ಮೊದಲೇ ಸಿಗುವ ಸುದ್ದಿ.

ಆರೋಗ್ಯ ಕೇಂದ್ರದಲ್ಲಿ ಕುಳಿತವರಿಗೆ ಬೆಟ್ಟದಲ್ಲಿ ಸತ್ತ ಮಂಗ ಕಾಣುವುದಿಲ್ಲ. ಕಾಣುವುದು ದನ ಕಾಯುವವರಿಗೆ, ಸೌದೆಗೆ ಹೋದವರಿಗೆ, ತೋಟದ ಕೆಲಸದವರಿಗೆ. ಅವರು ಹೇಳಿದರೆ ಪಶು ವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಅರಣ್ಯ ಇಲಾಖೆಯವರು ಮಂಗವನ್ನು ಸುಡುತ್ತಾರೆ, ಸುತ್ತಲಿನ ಜಾಗಕ್ಕೆ ಕೀಟನಾಶಕ ಹಾಕುತ್ತಾರೆ, ಆ ಊರಿನ ಜ್ವರದವರ ರಕ್ತ ಪರೀಕ್ಷೆಗೆ ಹೋಗುತ್ತದೆ. ಹೇಳದಿದ್ದರೆ ಇದ್ಯಾವುದೂ ಇಲ್ಲ.

ಜನ ಯಾಕೆ ಹೇಳುವುದಿಲ್ಲ? ಅದಕ್ಕೆ ಕಾರಣವಿದೆ. ಒಂದು ಊರಿನಲ್ಲಿ ಸತ್ತ ಮಂಗದ ಸುದ್ದಿ ಕೊಟ್ಟವನನ್ನೇ "ನೀನೇ ಹೊಡೆದೆಯೋ ಏನು?" ಎಂದು ಕೇಳಿದ್ದರು. ತೋಟಕ್ಕೆ ಮಂಗನ ಕಾಟ ಇರುವುದು ಎಲ್ಲರಿಗೂ ಗೊತ್ತು, ಅನುಮಾನ ಬಂತು. ಅದಾದ ಮೇಲೆ ಎರಡು ವರ್ಷ ಆ ಕೇರಿಯಿಂದ ಒಂದು ಸುದ್ದಿಯೂ ಬರಲಿಲ್ಲ. ಅಲ್ಲಿ ಮಂಗ ಸಾಯುವುದು ನಿಂತಿರಲಿಲ್ಲ, ಹೇಳುವುದು ನಿಂತಿತ್ತು. ಕೊನೆಗೆ ಸುದ್ದಿ ನಮ್ಮ ಮೂಲಕವೇ ಹೋಗಲಿ, ಹೇಳಿದವರ ಹೆಸರು ಬೇಡ ಎಂದು ಮೇಲಿನವರನ್ನು ಒಪ್ಪಿಸಿದೆವು. ಮುಂದಿನ ಬೇಸಿಗೆಯಲ್ಲಿ ಮೊದಲ ಸುದ್ದಿ ಆ ಕೇರಿಯಿಂದಲೇ ಬಂತು.

ಇನ್ನೊಂದು ಮಾತು. "ಕಾಡಿಗೆ ಹೋಗಬೇಡಿ" ಎಂದು ನಾವು ಮನೆಮನೆಗೆ ಹೇಳುತ್ತಾ ಹೋದಾಗ ಒಬ್ಬ ಅಜ್ಜಿ ನನ್ನನ್ನು ಜಗಲಿಯ ಮೇಲೆ ಕೂರಿಸಿ ಕೇಳಿದರು: "ಅಲ್ಲ ನರ್ಸಮ್ಮ, ಹೋಗದಿದ್ರೆ ಕೊಟ್ಟಿಗೆಗೆ ಏನು ಹಾಸಲಿ? ಒಲೆಗೆ ಏನು ಹಾಕಲಿ?" ಆ ಪ್ರಶ್ನೆಗೆ ಇಲಾಖೆಯ ಕರಪತ್ರದಲ್ಲಿ ಉತ್ತರವಿರಲಿಲ್ಲ. ಆ ಸಂಜೆ ಕೇರಿಯವರೇ ಕೂತು ಉತ್ತರ ಹುಡುಕಿದರು. ಮಂಗ ಸತ್ತ ಬೆಟ್ಟ ಬಿಟ್ಟು ಬೇರೆ ಕಡೆ ಹೋಗುವುದು. ಹೋಗುವ ಮೊದಲು ಕೈಕಾಲಿಗೆ ಇಲಾಖೆ ಕೊಡುವ ಎಣ್ಣೆ ಹಚ್ಚುವುದು. ಮೊದಲು ಡಿ.ಎಂ.ಪಿ. ಇತ್ತು, ಈಗ ಡೆಪಾ ಬಂದಿದೆ. ತರಗೆಲೆಯ ಮೇಲೆ ಕೂರದಿರುವುದು. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯುವುದು. ಎಣ್ಣೆ ಬಾಟಲಿ ಉಪಕೇಂದ್ರದಲ್ಲಿದ್ದರೆ ಬೆಳಗ್ಗೆ ಆರಕ್ಕೆ ಹೊರಡುವವರಿಗೆ ಸಿಗದು, ಅದನ್ನು ಕೇರಿಯ ಒಂದು ಮನೆಯಲ್ಲೇ ಇಡಿ ಎಂದವರೂ ಅವರೇ. ನಾವು ಹಾಗೇ ಮಾಡಿದೆವು. ಎಣ್ಣೆ ಖಾಲಿಯಾಗತೊಡಗಿತು.

2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದ ಮೇಲೆ ಈ ಕೆಲಸಕ್ಕೆ ಬಲ ಬಂತು. ಅವರು ಊರಿನ ಸೊಸೆಯರು, ಹೆಣ್ಣುಮಕ್ಕಳು. ಯಾರ ಮನೆಯಲ್ಲಿ ಜ್ವರ, ಯಾರು ಅಂಗಡಿಯ ಮಾತ್ರೆ ನುಂಗಿ ದಿನ ತಳ್ಳುತ್ತಿದ್ದಾರೆ ಎಂಬುದು ಡಾಕ್ಟರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಅವರಿಗೆ ಸಿಗುವ ಗೌರವಧನ ಆ ಕೆಲಸಕ್ಕೆ ಸಾಲದು ಎಂಬುದನ್ನೂ ಈ ವೇದಿಕೆಯಿಂದ ಹೇಳಲೇಬೇಕು.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆಗೆ ಹಲವರು ಬಲಿಯಾದದ್ದು ನಿಮಗೆ ನೆನಪಿರಬೇಕು. ಅದು ನಮ್ಮಿಂದ ದೂರದ ಊರೇನಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿ ಸಂಘಕ್ಕೆ ನನ್ನ ಕೋರಿಕೆ ಇಷ್ಟೇ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುವ ಮಾತು ಕೇಳಿದೆ, ಕಟ್ಟೋಣ. ಜೊತೆಗೆ, ಪ್ರತಿ ಡಿಸೆಂಬರಿನಲ್ಲಿ ಪ್ರತಿ ಕೇರಿಗೂ ಒಬ್ಬರು ಎಣ್ಣೆಯ ಜವಾಬ್ದಾರಿ ಹೊರಲಿ. ರಾತ್ರಿ ಜ್ವರ ಏರಿದವರನ್ನು ಆಸ್ಪತ್ರೆಗೆ ಮುಟ್ಟಿಸಲು ವಾಹನ ಇರುವವರು ತಮ್ಮ ನಂಬರನ್ನು ಆಶಾ ಹತ್ತಿರ ಬರೆಸಲಿ.

ಮಕ್ಕಳೇ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಕಲ್ಲು ಹೊಡೆಯಬೇಡಿ. ಓಡಿ ಬಂದು ಮೇಷ್ಟ್ರಿಗೋ ಆಶಾ ಅಕ್ಕನಿಗೋ ಹೇಳಿ. ಅದರಿಂದ ಒಂದು ಜೀವ ಉಳಿಯಬಹುದು.