ಸಂತೆಯ ಲೆಕ್ಕ, ಶಾಲೆಯ ಲೆಕ್ಕ

(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬಡವರ ಮಕ್ಕಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂಬ ಮಾತು ನಮ್ಮ ಶಾಲೆಗಳಲ್ಲಿ ಬಹು ಹಳೆಯದು. ಉಪಾಧ್ಯಾಯರಾಗಿದ್ದಷ್ಟು ಕಾಲವೂ ನಾವು ಇದನ್ನು ಕೇಳುತ್ತ ಬಂದವರು. ಈ ಮಾತು ಶುದ್ಧ ಸುಳ್ಳು. ಅದು ಹೇಗೆಂಬುದನ್ನು ತಮ್ಮ ಮುಂದಿಡುತ್ತೇವೆ.

ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಮೂವರು ವಿದ್ವಾಂಸರು, ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳ ಲೆಕ್ಕವನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಗಳಂತೆ ನಿಂತು ಕೇಳಿದಾಗ ಮಕ್ಕಳು ನೂರಕ್ಕೆ 98 ಲೆಕ್ಕ ಸರಿಯಾಗಿ ಹೇಳಿದರು. ಅಂಥವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರೀ ಅಂಕಿಗಳಾಗಿ ಕೊಟ್ಟಾಗ ಸರಿ ಬಂದದ್ದು ನೂರಕ್ಕೆ 37 ಮಾತ್ರ. ಒಂದು ತೆಂಗಿನಕಾಯಿಗೆ 35 ಆದರೆ ಹತ್ತಕ್ಕೆಷ್ಟು? ಹನ್ನೆರಡು ವರ್ಷದ ಹುಡುಗ ಶಾಲೆಯವರಂತೆ ಸೊನ್ನೆ ಸೇರಿಸಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿ 210, ಮತ್ತೆ ಮೂರು ಸೇರಿ 315, ಕೊನೆಗೆ 350 ಎಂದು ಬಾಯಲ್ಲೇ ಕೂಡಿಸಿ ಹೇಳಿದ.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ಕೊಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಾರುಕಟ್ಟೆಯ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಸೋತರು. ಶಾಲೆಯ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಹೊಳೆಗೆ ಎರಡು ದಡ, ನಡುವೆ ಸೇತುವೆಯಿಲ್ಲ. ದೋಷ ಮಗುವಿನ ತಲೆಯಲ್ಲಿಲ್ಲ. ಸೇತುವೆ ಕಟ್ಟದ ವಿದ್ಯಾಭ್ಯಾಸ ಕ್ರಮದಲ್ಲಿದೆ.

ಸೇತುವೆ ಕಟ್ಟುವುದು ಕಷ್ಟವೇ? ಮೊಳ ಹೂವಿಗೆ 30 ರೂಪಾಯಿ, ಎರಡೂವರೆ ಮೊಳಕ್ಕೆ? ‘ಎರಡಕ್ಕೆ 60, ಅರೆಗೆ 15, ಒಟ್ಟು 75’ ಎನ್ನುತ್ತಾಳೆ ಹೂವು ಕಟ್ಟುವ ಮನೆಯ ಹುಡುಗಿ. ಅವಳ ಬಾಯಿಲೆಕ್ಕವನ್ನೇ ಹಲಗೆಯ ಮೇಲೆ ಬರೆಯಿರಿ. ಗುಣಾಕಾರದ ನಿಯಮ ಅಲ್ಲೇ ಇದೆ. ನಾಲ್ಕು ಮಕ್ಕಳು ತಮ್ಮ ತಮ್ಮ ಮೊಳದಿಂದ ಒಂದೇ ದಾರವನ್ನು ಅಳೆಯಲಿ. ಮೀಟರು ಏಕೆ ಬೇಕೆಂದು ಅವರೇ ಹೇಳುತ್ತಾರೆ. ಎಕರೆಗೆ 40 ಗುಂಟೆ ಎಂದು ರೈತನ ಮಗನಿಗೆ ಗೊತ್ತು. ಹಾಗಾದರೆ 1 ಎಕರೆ 10 ಗುಂಟೆಯನ್ನು ದಶಮಾಂಶದಲ್ಲಿ ಬರೆದರೆ 1.10 ಅಲ್ಲ, 1.25 ಏಕೆ? ಇದಕ್ಕಿಂತ ಒಳ್ಳೆಯ ದಶಮಾಂಶದ ಪಾಠ ಯಾವುದು?

ಶಾಲೆಯ ಪಾಠ ಹೊರಗಿನ ಬದುಕಿಗೆ ಹೊಂದಿಕೊಳ್ಳಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಗೋಡೆಗೆ ರಂಗೋಲಿ ಚಿತ್ರ ಅಂಟಿಸಿದ ಮಾತ್ರಕ್ಕೆ ಅದು ಆಗುವುದಿಲ್ಲ.

ನಮ್ಮ ಮಾತನ್ನು ತಪ್ಪು ತಿಳಿಯಬಾರದು. ಮಕ್ಕಳು ಸಂತೆಯಲ್ಲಿ ದುಡಿಯಲಿ ಎಂದು ನಾವು ಹೇಳುತ್ತಿಲ್ಲ. ಬಡವರ ಮಕ್ಕಳಿಗೆ ಬಾಯಿಲೆಕ್ಕ ಸಾಕು, ಬೀಜಗಣಿತ ಉಳ್ಳವರ ಮಕ್ಕಳಿಗೆ ಇರಲಿ ಎಂಬುದಂತೂ ದ್ರೋಹದ ಮಾತು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ನೂರಕ್ಕೆ 36 ಎಂಬುದು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲೇ ತಿಳಿಯಬೇಕು. ಕೂಲಿಯ ಪಟ್ಟಿ ಬರೆಯುವವರು ಬೇರೆ, ಬೆವರು ಸುರಿಸುವವರು ಬೇರೆ ಆಗಿರುವವರೆಗೂ ಬರೆದ ಲೆಕ್ಕವನ್ನು ಓದಬಲ್ಲ ಶಕ್ತಿ ದುಡಿಯುವವನ ಆಯುಧ.

ಆದುದರಿಂದ ಪ್ರತಿ ಊರಿನ ಕಾರ್ಯಕರ್ತರೂ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಕೇಳಬೇಕು: ವಾರಕ್ಕೊಂದು ಪೀರಿಯಡ್ ಊರಿನ ಲೆಕ್ಕಕ್ಕೆ ಮೀಸಲಿಡಿ. ಗಾರೆ ಕೆಲಸದವರನ್ನು, ದರ್ಜಿಯನ್ನು, ಹೂವಾಡಗಿತ್ತಿಯನ್ನು ಕರೆಸಿ. ಅವರು ಬಾಯಲ್ಲಿ ಹೇಳಿದ್ದನ್ನು ಮಕ್ಕಳು ಅಂಕಿಯಲ್ಲಿ ಬರೆಯಲಿ. ಅಪ್ಪ ಅಮ್ಮಂದಿರಿಗೆ ಲೆಕ್ಕ ಗೊತ್ತು ಎಂಬುದನ್ನು ಮಗು ಶಾಲೆಯಲ್ಲೇ ಕಾಣಲಿ. ಆಮೇಲೆ ಅದನ್ನು ದಡ್ಡನೆಂದು ಕರೆಯುವ ಧೈರ್ಯ ಯಾರಿಗೂ ಬಾರದು.